ಓದುಗರ ಸ್ಪಂದನ: ‘ವಯಸ್ಸು ಸಾಲದು’ ಎಂದರೆ ಏನು ಮಾಡಬೇಕು?

ತಂಡದ ಮುಖ್ಯಸ್ಥರ ಕೆಲಸವನ್ನೆಲ್ಲ ತಾವೇ ನಿರ್ವಹಿಸುತ್ತಿದ್ದರೂ ‘ಇನ್ನೂ ಚಿಕ್ಕವರು’ ಎಂಬ ಕಾರಣಕ್ಕೆ ಬಡ್ತಿ ತಪ್ಪಿತೆಂದು 26 ವರ್ಷದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು. ಅವರಿಗೆ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. –ಸಂ.

ಬಡ್ತಿ ತಪ್ಪಿದ್ದನ್ನು ಅಷ್ಟುದ್ದ ಬರೆದಿದ್ದೀರಿ. ತಂಡದ ಕೆಲಸ ಕೆಟ್ಟ ದಿನ ಮೇಲಿನವರಿಗೆ ಉತ್ತರ ಕೊಟ್ಟವರು ಯಾರೆಂದು ಬರೆದಿಲ್ಲ. ಮೊದಲು ಅದನ್ನು ಹೇಳಿ.
–ಹಿರಿಯ ಓದುಗ

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಕೊಡುವ ಅಧಿಕಾರವನ್ನೇ ಪಡೆಯದವರ ಅನುಭವವನ್ನೂ ಇದರ ಜೊತೆಗೆ ಓದಬೇಕು. –ಸಂ.

ನಿಮ್ಮ ಪತ್ರವನ್ನು ಪೂರ್ತಿ ಓದಲು ನನಗೆ ಕಷ್ಟವಾಯಿತು. ನಾನು ಲೆಕ್ಕಪತ್ರ ವಿಭಾಗದಲ್ಲಿ ಕಿರಿಯಳಾಗಿದ್ದಾಗ ಮುಖ್ಯಸ್ಥರು ದೀರ್ಘ ರಜೆಯ ಮೇಲೆ ಹೋದರು. ವರ್ಷಾಂತ್ಯದ ಲೆಕ್ಕ ಮುಗಿಸುವುದು, ಲೆಕ್ಕಪರಿಶೋಧಕರ ಆಕ್ಷೇಪಣೆಗಳಿಗೆ ಸಮಜಾಯಿಷಿ ಬರೆಯುವುದು, ಹೊಸಬರಿಗೆ ಕೆಲಸ ಕಲಿಸುವುದು ಎಲ್ಲವೂ ನನ್ನ ಪಾಲಿಗೆ ಬಂದವು, ಸಹಿಯ ಅಧಿಕಾರವೊಂದು ಬರಲಿಲ್ಲ. ನಾನು ಬರೆದದ್ದಕ್ಕೆ ಪಕ್ಕದ ವಿಭಾಗದ ಹಿರಿಯರು ಓದದೆಯೇ ಸಹಿ ಹಾಕುತ್ತಿದ್ದರು. ಹುದ್ದೆ ಖಾಲಿಯಾದಾಗ, ‘ನಿನ್ನ ಕೈಕೆಳಗೆ ದೊಡ್ಡವರು ಕೆಲಸ ಮಾಡುತ್ತಾರೇನಮ್ಮಾ?’ ಎಂದು ನನ್ನನ್ನು ಕೇಳಿದರೇ ಹೊರತು ಆ ದೊಡ್ಡವರನ್ನು ಯಾರೂ ಕೇಳಲಿಲ್ಲ. ಹೊರಗಿನಿಂದ ಬಂದ ಹೊಸ ಮುಖ್ಯಸ್ಥರಿಗೆ ಕಡತಗಳನ್ನು ಪರಿಚಯಿಸಿದವಳೂ ನಾನೇ. ಅನುಭವವಿಲ್ಲವೆಂದು ಜವಾಬ್ದಾರಿ ಕೊಡುವುದಿಲ್ಲ, ಅಧಿಕೃತವಾಗಿ ಜವಾಬ್ದಾರಿ ಹೊತ್ತಿಲ್ಲವೆಂದು ಅನುಭವವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಸುತ್ತಿನಲ್ಲಿ ಸಿಕ್ಕಿ ಎಷ್ಟೋ ಮಂದಿ ಸಮರ್ಥರು ಕೆಲಸದ ಮೇಲಿನ ಆಸೆಯನ್ನೇ ಕಳೆದುಕೊಳ್ಳುತ್ತಾರೆ. ತನ್ನ ಹೆಸರಿನಲ್ಲಿ ಒಂದು ನಿರ್ಧಾರ ತೆಗೆದುಕೊಂಡು ಅದರ ಫಲವನ್ನು ತಾನೇ ಎದುರಿಸದ ಹೊರತು ಯಾವ ವಯಸ್ಸಿನಲ್ಲೂ ಹುದ್ದೆಗೆ ಬೇಕಾದ ಪಕ್ವತೆ ಬರುವುದಿಲ್ಲವೆಂದು ನಾನು ನಂಬಿದ್ದೇನೆ. ದಯವಿಟ್ಟು ಮೌನವಾಗಿರಬೇಡಿ.
–ಲೆಕ್ಕಪತ್ರ ವಿಭಾಗದಲ್ಲಿದ್ದವಳು

ದೂರು ಕೊಡುವ ಮುನ್ನ ನಿಮಗೆ ಅನ್ವಯಿಸುವ ಕಾನೂನನ್ನು ನೋಡಿಕೊಳ್ಳಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1958ರ 111ನೇ ಒಡಂಬಡಿಕೆಯು ತಾರತಮ್ಯಕ್ಕೆ ಹೆಸರಿಸಿರುವ ಏಳು ಆಧಾರಗಳಲ್ಲಿ ವಯಸ್ಸು ಸೇರಿಲ್ಲ. ಉದ್ಯೋಗದಲ್ಲಿ ವಯಸ್ಸಿನ ತಾರತಮ್ಯ ತಡೆಯುವ ಅಮೆರಿಕದ 1967ರ ಕೇಂದ್ರ ಕಾಯ್ದೆ 40 ವರ್ಷ ಮತ್ತು ಮೇಲ್ಪಟ್ಟವರನ್ನಷ್ಟೇ ರಕ್ಷಿಸುತ್ತದೆ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಉದ್ಯೋಗದಲ್ಲಿ ಕಿರಿಯರನ್ನೂ ಒಳಗೊಳ್ಳುತ್ತದೆ. ನಿರಾಕರಣೆಯ ಕಾರಣವನ್ನು ಬರಹದಲ್ಲಿ ಪಡೆಯಿರಿ.
–ಕಾನೂನು ಬಲ್ಲ ಓದುಗ

ಬಡ್ತಿ ತಪ್ಪಿದ ಓದುಗರು ದೂರಿನ ಮಾತೆತ್ತಿರಲಿಲ್ಲ. ಆದರೂ ಕೊನೆಯ ಸಲಹೆ ನಮಗೆ ಸರಿಯೆನಿಸಿತು. –ಸಂ.

ನನಗೆ 54 ವರ್ಷ. ‘ನಮ್ಮದು ಯುವಕರ ತಂಡ’ ಎಂದು ನನ್ನನ್ನು ಸಂದರ್ಶನದಿಂದ ಕಳುಹಿಸಿಬಿಡುತ್ತಾರೆ. ನಮ್ಮ ಅಳಲನ್ನೂ ಪ್ರಕಟಿಸಿ.
–ಉದ್ಯೋಗಾಕಾಂಕ್ಷಿ

ಖಂಡಿತ ಪ್ರಕಟಿಸುತ್ತೇವೆ. –ಸಂ.

ನಾನು ಬಡ್ತಿ ಸಮಿತಿಯಲ್ಲಿದ್ದೇನೆ. ಯಾರಾದರೂ ‘ಚಿಕ್ಕವರು’ ಎಂದರೆ, ಆ ಹುದ್ದೆಯ ಯಾವ ಕೆಲಸ ಇವರಿಂದ ಆಗದು ಎಂದು ಕೇಳುತ್ತೇನೆ. ಬಹಳ ಸಲ ಉತ್ತರವಿರುವುದಿಲ್ಲ. ನೀವೂ ಅದನ್ನೇ ಕೇಳಿ. ಉತ್ತರ ಸಿಕ್ಕರೆ ಕಲಿಯಿರಿ. ಸಿಗದಿದ್ದರೆ ಆರು ತಿಂಗಳ ಪ್ರಭಾರವನ್ನು ಸಹಿಯ ಅಧಿಕಾರ ಸಮೇತ ಕೊಡಿರೆಂದು ಬರೆದುಕೊಡಿ.
–ಸಮಿತಿಯ ಸದಸ್ಯೆ