ಸಹಾಯ ಬೇಕು: ಎಂಗೇಜ್‌ಮೆಂಟ್ ಉಂಗುರದ ಪಕ್ಕ ಮದುವೆ ಉಂಗುರ ಕೂರ್ತಾನೇ ಇಲ್ಲ

ನೋಡಿ ನೋಡಿ ತಲೆ ಕೆಟ್ಟುಹೋಗಿದೆ, ಯಾರಾದ್ರೂ ದಾರಿ ತೋರಿಸಿ. ನನ್ನ ಎಂಗೇಜ್‌ಮೆಂಟ್ ಉಂಗುರ 18 ಕ್ಯಾರೆಟ್ ವೈಟ್ ಗೋಲ್ಡ್, ಮಧ್ಯೆ ಒಂದೇ ಒಂದು ಓವಲ್ ವಜ್ರ. ಕಲ್ಲು ಕೂರಿಸಿರೋದು ತುಂಬಾ ತಗ್ಗಿನಲ್ಲಿ. ಅದಕ್ಕೇ ನೇರ ಬ್ಯಾಂಡ್ (ಬಾಗು ಇಲ್ಲದ ಮದುವೆ ಉಂಗುರ) ಪಕ್ಕದಲ್ಲಿ ಹಾಕಿದ್ರೆ ನಡುವೆ ಉಗುರು ತೂರೋಷ್ಟು ಸಂದಿ ಬೀಳುತ್ತೆ.

ಬಾಗಿದ ಬ್ಯಾಂಡ್ ಹಾಕಿ ನೋಡಿದೆ. ಜೋಡಿಯಾಗಿ ಚೆನ್ನಾಗಿ ಅಂಟಿಕೊಳ್ಳುತ್ತೆ, ಆದ್ರೆ ಅದೊಂದನ್ನೇ ಹಾಕಿದ್ರೆ ಸೊಟ್ಟಗಾದ ತಂತಿ ಥರ ಕಾಣುತ್ತೆ. (ಮನೆಯವರು 'ಚೆನ್ನಾಗಿದೆ' ಅಂದ್ರು, ಅವರು ಎಲ್ಲದಕ್ಕೂ ಹಾಗೇ ಅನ್ನೋದು.) ಸುತ್ತಲೂ ವಜ್ರ ಇರೋ ಎಟರ್ನಿಟಿ ಬ್ಯಾಂಡ್ ಕೈಬಿಟ್ಟೆ: ಬೆರಳು ದಪ್ಪ ಆದ್ರೆ ಸೈಜ್ ಬದಲಿಸೋದು ಕಷ್ಟ, ಕಲ್ಲುಗಳು ಪಕ್ಕದ ಉಂಗುರವನ್ನ ಉಜ್ಜಿ ಸವೆಸ್ತವೆ ಬೇರೆ.

ಈಗ ಸಿಕ್ಕಿಹಾಕ್ಕೊಂಡಿರೋದು ಲೋಹದ ವಿಷಯದಲ್ಲಿ. ಇಷ್ಟವಾದ ನೇರ ಬ್ಯಾಂಡ್ ಪ್ಲಾಟಿನಂದು. ವೈಟ್ ಗೋಲ್ಡ್ ಮೇಲಿನ ರೋಡಿಯಂ (ಬೆಳ್ಳಗೆ ಹೊಳೆಯೋ ಲೋಹ) ಲೇಪ ಸವೆದಾಗ ಕೆಳಗಿನ ಹಳದಿ ಛಾಯೆ ಇಣುಕುತ್ತೆ, ಪ್ಲಾಟಿನಂ ಬೆಳ್ಳಗೇ ಇರುತ್ತೆ.

ಎರಡನ್ನೂ ದಿನಾ ಜೊತೆಗೆ ಹಾಕೋರು ಹೇಳಿ: ಆ ಬಣ್ಣದ ವ್ಯತ್ಯಾಸ ನಿಜವಾಗ್ಲೂ ಕಣ್ಣಿಗೆ ಹೊಡೆಯುತ್ತಾ? ಸಂದಿ ಇದ್ರೂ ನೇರ ಬ್ಯಾಂಡೇ ತಗೊಳ್ಳಲಾ, ಇಲ್ಲಾ ವೈಟ್ ಗೋಲ್ಡಲ್ಲೇ ಬಾಗಿದ್ದು ಮಾಡಿಸಲಾ?