ಈ ವಾರದ ಸಮಸ್ಯೆ: ಸತ್ತವಗೆ ಹೆಸರಿಲ್ಲ ಕೊಂದವರಿಗುಂಟು

ಸಮಸ್ಯೆ ಕೊಟ್ಟವರು: ಈ ಸಾಲೇ ಪದ್ಯದ ಕೊನೆಯ ಸಾಲಾಗಬೇಕು, ಮೇಲಿನ ಸಾಲುಗಳನ್ನು ತುಂಬುವುದು (ಪೂರಣ) ನಿಮ್ಮ ಕೆಲಸ. ಒಗಟಿನ ಹಾಗಿದೆ ಅಲ್ವಾ? ಆದರೆ ನಡೆದದ್ದು. ಇಂಗ್ಲೆಂಡಿನ ಸರ್ರೆ ಕೌಂಟಿಯ ಹೈಂಡ್‌ಹೆಡ್, 1786ರ ಸೆಪ್ಟೆಂಬರ್ 24. ಒಬ್ಬ ನಾವಿಕ ತನ್ನ ಹಡಗು ಸೇರಲು ಪೋರ್ಟ್ಸ್‌ಮತ್ ಕಡೆಗೆ ನಡೆದು ಹೊರಟಿದ್ದ. ತರ್ಸ್ಲಿ ಹಳ್ಳಿಯ ಪಬ್ಬಿನಲ್ಲಿ ಮೂವರು ನಾವಿಕರು ಸಿಕ್ಕರು. ಅವರ ಖರ್ಚನ್ನೂ ಇವನೇ ಕೊಟ್ಟ. ಮುಂದೆ ದಾರಿಯಲ್ಲಿ ಅವರೇ ಇವನನ್ನು ಕೊಂದರು, ಮೈಮೇಲಿನ ಬಟ್ಟೆಯನ್ನೂ ಬಿಡಲಿಲ್ಲ. ಅದನ್ನು ಮಾರಲು ಹೋಗಿ ಅದೇ ದಿನ ಸಿಕ್ಕಿಬಿದ್ದರು. ಮರುವರ್ಷ ಏಪ್ರಿಲ್‌ನಲ್ಲಿ ಗಲ್ಲು. ಹೆಣಗಳನ್ನು ಬೆಟ್ಟದ ಮೇಲೆ ಸರಪಳಿಯಲ್ಲಿ ನೇತುಹಾಕಿದರು. ಕೊಲೆಯಾದ ಕಡೆ ಒಂದು ಕಲ್ಲಿದೆ. ಅದರಲ್ಲಿ ಲೊನೆಗನ್, ಕೇಸಿ, ಮಾರ್ಷಲ್ ಮೂವರ ಹೆಸರೂ ಇದೆ. ಸತ್ತವನು ಬರೀ 'ಗುರುತಿಲ್ಲದ ನಾವಿಕ'.

ಐದೈದು ಮಾತ್ರೆಯ ಗುಂಪುಗಳಲ್ಲಿ ನಡೆಯುವ ಚೌಪದಿ, ಅಂದರೆ ನಾಲ್ಕು ಸಾಲಿನ ಪದ್ಯ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಬರುವ 'ತ್ತ', ಬಿಡಬೇಡಿ.

ಮೊದಲ ಪೂರಣ:

ಕುತ್ತಿಗೆಯ ಕೊಯ್ದವರ ತೂಗಿದರು ಬೆಟ್ಟದಲಿ
ಕತ್ತಲೆಯ ದಾರಿಯಲಿ ನಿಂತಿಹುದು ಕಲ್ಲು
ಸುತ್ತಿ ನೋಡಿದೆನಯ್ಯ ಕೊರೆದ ಸಾಲುಗಳನ್ನು
ಸತ್ತವಗೆ ಹೆಸರಿಲ್ಲ ಕೊಂದವರಿಗುಂಟು

ಸಮಸ್ಯೆ ಕೊಟ್ಟವರು: ಮಾತ್ರೆ ಸರಿಯಾಗಿದೆ. 'ಸುತ್ತಿ' ನೋಡಿದ್ದು ಒಳ್ಳೆಯದಾಯಿತು. ಕಲ್ಲಿನ ಹಿಂಬದಿಯಲ್ಲಿ ಶಾಪವಿದೆ: ಇದನ್ನು ಕೆಡಿಸಿದವನಿಗೆ, ಕದಲಿಸಿದವನಿಗೆ ಕೇಡಾಗಲಿ ಎಂದು.

ಇನ್ನೊಬ್ಬರು: ಮೇಷ್ಟ್ರೇ, ನಮ್ಮ ಶಾಸನಗಳ ಕೊನೆಯ ಮಾತು ನೆನಪಾಯಿತು. ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು (ಹಸುವನ್ನು) ಕೊಂದ ಪಾಪ ಅಂತ ಇರುತ್ತದಲ್ಲ, ಅದೇ ದನಿ. ನನ್ನದು:

ತುತ್ತನೂ ಗುಟುಕನೂ ಹಂಚಿಕೊಂಡನು ನಂಬಿ
ಬತ್ತಲೆಯ ಹೆಣವಾಗಿ ಕಣಿವೆಯಲಿ ಬಿದ್ದ
ಇತ್ತವನ ಮರೆತೆವೇ ಕಿತ್ತವರ ನೆನೆದೆವೇ
ಸತ್ತವಗೆ ಹೆಸರಿಲ್ಲ ಕೊಂದವರಿಗುಂಟು

ಸಮಸ್ಯೆ ಕೊಟ್ಟವರು: ಮೂರನೇ ಸಾಲಿಗೆ ಕೈ ಮುಗಿದೆ! 'ಇತ್ತವನ', 'ಕಿತ್ತವರ' ಎದುರುಬದುರು ನಿಂತಿವೆ. ಆ ಕಣಿವೆಯ ಹೆಸರು ಡೆವಿಲ್ಸ್ ಪಂಚ್ ಬೌಲ್. ದೆವ್ವವೇ ಮಣ್ಣು ಬಾಚಿ ಎಸೆದು ಆದ ಗುಂಡಿ ಅಂತ ಕಥೆ. ಗಲ್ಲಿನ ಬೆಟ್ಟವೆಂದರೆ ಜನ ಎಷ್ಟು ಹೆದರುತ್ತಿದ್ದರೆಂದರೆ, ಆ ಭಯ ಕಳೆಯಲೆಂದೇ 1851ರಲ್ಲಿ ಅಲ್ಲೊಂದು ಕಲ್ಲಿನ ಶಿಲುಬೆ ನಿಲ್ಲಿಸಿದರು. 2011ರಲ್ಲಿ ಸುರಂಗವಾದ ಮೇಲೆ ಹೆದ್ದಾರಿ ನೆಲದಡಿಗೆ ಹೋಯಿತು, ಮೇಲಿನ ದಾರಿಯಲ್ಲಿ ಹುಲ್ಲು ಬೆಳೆದಿದೆ.

ಮೂರನೆಯವರು: ಆ ನಾವಿಕನನ್ನು ಮಣ್ಣು ಮಾಡಿದವರು ಯಾರು?

ಸಮಸ್ಯೆ ಕೊಟ್ಟವರು: ತರ್ಸ್ಲಿಯವರು, ತಮ್ಮ ಚರ್ಚಿನ ಅಂಗಳದಲ್ಲಿ. ಗೋರಿಕಲ್ಲಿನಲ್ಲಿ ಕೆತ್ತಿರುವುದೂ ಆ ಕೊಲೆಯ ಚಿತ್ರವೇ.

ಮೂರನೆಯವರು:

ಅತ್ತವರು ಹಳ್ಳಿಗರು ಹೂತವರು ಹಳ್ಳಿಗರು
ಕೆತ್ತಿಸಿದರವನಿಗೂ ಗೋರಿಗಲ್ಲೊಂದ
ಎತ್ತ ಹೋದಳೊ ತಾಯಿ ಹೆಸರಿಟ್ಟು ಕರೆದವಳು
ಸತ್ತವಗೆ ಹೆಸರಿಲ್ಲ ಕೊಂದವರಿಗುಂಟು