ಅಪ್‌ಡೇಟ್: ಸೆಲ್ಫ್ ತಗೊಳ್ಳದ ಪಿಕಪ್‌ಗೆ ಕಡೆಗೂ ಕಾರಣ ಸಿಕ್ಕಿತು

ನಮ್ಮ ಹಳೇ ಡೀಸೆಲ್ ಪಿಕಪ್ ಒಮ್ಮೊಮ್ಮೆ ಸೆಲ್ಫ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ತಗೊಳ್ಳಲ್ಲ, ಬರೀ ಟಕ್ ಅನ್ನುತ್ತದೆ ಅಂತ ಇಲ್ಲಿ ಕೇಳಿದ್ದೆನಲ್ಲ. ಬ್ಯಾಟರಿ ಹೊಸದು, ಹೆಡ್‌ಲೈಟೂ ಜೋರಾಗಿಯೇ ಉರಿಯುತ್ತಿತ್ತು. ತೊಂದರೆ ಇದ್ದದ್ದು ಅರ್ಥಿಂಗ್‌ನಲ್ಲಿ, ಅಂದ್ರೆ ಕರೆಂಟು ಇಂಜಿನ್‌ನಿಂದ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿಯಲ್ಲಿ.

ಮೊನ್ನೆ ಬಾಗಲಕೋಟೆ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಇಳಿಸಿದ ಮೇಲೆ ಗಾಡಿ ಮತ್ತೆ ಹಟ ಹಿಡಿಯಿತು. ನೀವು ಹೇಳಿದಂತೆ ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್) ಹಿಡಿದೆ. ಸುಮ್ನೆ ನಿಂತಾಗ ಬ್ಯಾಟರಿಯಲ್ಲಿ 12.6 ವೋಲ್ಟ್, ಸರಿಯೇ ಇತ್ತು. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಇಟ್ಟು ತಮ್ಮನಿಗೆ ಕೀ ತಿರುಗಿಸು ಅಂದೆ. ಅರ್ಧ ವೋಲ್ಟ್ ಒಳಗಿರಬೇಕಾದದ್ದು 3 ದಾಟಿತು! ಅಂದ್ರೆ ಆ ದಾರಿಯಲ್ಲೇ ಕರೆಂಟಿಗೆ ಅಡ್ಡಿ. ಅವೆರಡರ ನಡುವೆ ಜಂಪರ್ ಕೇಬಲ್ ಹಾಕಿದ ಕೂಡಲೇ ಗಾಡಿ ಸ್ಟಾರ್ಟ್.

ಇಂಜಿನ್‌ನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ ಬಿಚ್ಚಿದರೆ ಬೋಲ್ಟ್ ಕೆಳಗೆ ಹಸಿರು ಕಿಲುಬು, ತಂತಿಯ ಎಳೆಗಳು ಅರ್ಧಕ್ಕರ್ಧ ತುಂಡು. ಜಾಗವನ್ನು ಎಮೆರಿ ಪೇಪರ್‌ನಿಂದ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಸವರಿದೆ. ಗ್ಯಾರೇಜಿನ ಮಿಸ್ತ್ರಿ ಸೆಲ್ಫ್ ಮೋಟರನ್ನೇ ಬದಲಿಸಬೇಕು ಅಂದಿದ್ದ. ಅಷ್ಟು ದುಡ್ಡು ಉಳಿಯಿತು ಅಲ್ವಾ! ಈಗ ಬೆಳಗಿನ ಚಳಿಯಲ್ಲೂ ಮೊದಲ ಕೀಗೇ ಏಳುತ್ತದೆ.

ಹೀಟರ್ ಪ್ಲಗ್ (ಸ್ಟಾರ್ಟ್‌ಗೆ ಮುಂಚೆ ಡೀಸೆಲ್ ಇಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್) ನೋಡಿ ಅಂದವರಿಗೆ: ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಆ ಮಾತು. ನಮ್ಮದರಲ್ಲಿ ಸೆಲ್ಫೇ ತಿರುಗುತ್ತಿರಲಿಲ್ಲ.